ಗೋಡೆಯ ಚಿತ್ರ, ಲಕೋಟೆಯ ಚಿತ್ರ: ಇಟಲಿಯ ಜಾಹೀರಾತು ಮತ್ತು ಅಂಚೆಚೀಟಿ ಕಲಾವಿದರು



ಇಟಲಿಯ ಕಲೆ ಎಂದ ತಕ್ಷಣ ನಮ್ಮ ಮನಸ್ಸು ಫ್ಲಾರೆನ್ಸಿಗೋ ರೋಮಿನ ಸಿಸ್ಟೈನ್ ಚಾವಣಿಗೋ ಹೋಗುತ್ತದೆ. ನಾನು ಇಂದು ಮಾತಾಡಲು ಹೊರಟಿರುವುದು ಅದೇ ದೇಶದ, ಆದರೆ ಯಾರೂ ಚೌಕಟ್ಟು ಹಾಕಿಸಲೆಂದು ಬರೆಯದ ಎರಡು ಬಗೆಯ ಚಿತ್ರಗಳ ಬಗ್ಗೆ. ಒಂದು, ಗೋಡೆಗೆ ಅಂಟಿಸಿ ಕೆಲವೇ ವಾರಗಳಲ್ಲಿ ಅದರ ಮೇಲೆ ಮತ್ತೊಂದನ್ನು ಅಂಟಿಸಿಬಿಡುವ ಜಾಹೀರಾತಿನ ಪೋಸ್ಟರು. ಇನ್ನೊಂದು, ಎಂಜಲು ಹಚ್ಚಿಸಿಕೊಂಡು ಲಕೋಟೆಯ ಮೂಲೆಗೆ ಕೂತು, ಠಸ್ಸೆಯ ಏಟು ತಿಂದು, ಕೊನೆಗೆ ಕಸದ ಬುಟ್ಟಿಗೆ ಬೀಳುವ ಅಂಚೆಚೀಟಿ. ಎರಡೂ ಹಣ ಕೊಟ್ಟು ಬರೆಸಿದ ಚಿತ್ರಗಳೇ, ಎರಡೂ ಲಕ್ಷಗಟ್ಟಲೆ ಅಚ್ಚಾಗುವಂಥವೇ. ಕಲಾಚರಿತ್ರೆಯ ದಪ್ಪ ಪುಸ್ತಕಗಳಲ್ಲಿ ಎರಡಕ್ಕೂ ಸಿಗುವ ಜಾಗ ಅಷ್ಟಕ್ಕಷ್ಟೇ.

ಅಂಚೆಚೀಟಿಯೆಂದರೆ ಪುಟಾಣಿ ಪೋಸ್ಟರು ಎನ್ನುವ ಮಾತು ವಿನ್ಯಾಸ ಕಲಿಸುವ ಕಡೆ ಆಗಾಗ ಕೇಳಿಬರುತ್ತದೆ. ನನಗೆ ಈ ಮಾತಿನಲ್ಲಿ ನಂಬಿಕೆಯಿಲ್ಲ. ಯಾಕಿಲ್ಲ ಎಂದು ಹೇಳುವುದಕ್ಕೇ ಈ ಒಂದು ಗಂಟೆಯನ್ನು ಬಳಸಿಕೊಳ್ಳುತ್ತೇನೆ. ಅದಕ್ಕೆ ಇಟಲಿಯಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ, ಏಕೆಂದರೆ ಅಲ್ಲಿಯವರು ಎರಡನ್ನೂ ಒಮ್ಮೆ ಅಕ್ಷರಶಃ ಒಂದೇ ಕಾಗದದ ಮೇಲೆ ತಂದು ನೋಡಿದ್ದಾರೆ.

ಮೊದಲ ಮಹಾಯುದ್ಧ ಮುಗಿದಿತ್ತು. ಕೈಕಾಲು ಕಳೆದುಕೊಂಡ ಸಾವಿರಾರು ಸೈನಿಕರು ಊರಿಗೆ ಮರಳಿದ್ದರು, ಬೊಕ್ಕಸ ಬರಿದಾಗಿತ್ತು. 1921ರಲ್ಲಿ ಒಂದು ಉಪಾಯ ಮಾಡಿದರು. ಜಾಹೀರಾತುಗಳನ್ನು ಒಳಗೂ ಹೊರಗೂ ತುಂಬಿದ ಕಾಗದದ ಲಕೋಟೆಗಳನ್ನು ಅಚ್ಚು ಹಾಕಿಸಿ, ಅದಕ್ಕೆ ಬಿ.ಎಲ್.ಪಿ. ಎಂಬ ಮೂರಕ್ಷರ ಒತ್ತಿದ ಅಂಚೆಚೀಟಿ ಹಚ್ಚಿ, ಚೀಟಿಯ ಮುಖಬೆಲೆಗಿಂತ ಕಡಿಮೆ ದರಕ್ಕೆ ಮಾರುವುದು. ಜಾಹೀರಾತಿನಿಂದ ಬಂದ ಲಾಭ ಅಂಗವಿಕಲ ಯೋಧರ ನೆರವಿಗೆ. ಇದು ಕೆಲವು ವರ್ಷ ನಡೆಯಿತು. ಆಮೇಲೆ, 1924ರಲ್ಲಿ, ಅಂಚೆ ಇಲಾಖೆ ಒಂದು ಹೆಜ್ಜೆ ಮುಂದೆ ಹೋಯಿತು. ಲಕೋಟೆ ಯಾಕೆ, ಚೀಟಿಗೇ ಜಾಹೀರಾತು ಸೇರಿಸೋಣ ಎಂದಿತು.

ಆ ಚೀಟಿಗಳನ್ನು ಸಂಗ್ರಾಹಕರ ಆಲ್ಬಮ್ಮಿನಲ್ಲಿ ನೋಡಿದರೆ ನಗು ಬರುತ್ತದೆ. ಮೇಲೆ ರಾಜ ಮೂರನೆಯ ವಿಟ್ಟೋರಿಯೊ ಎಮಾನ್ಯುಯೆಲೆಯ ಗಂಭೀರ ಮುಖ. ಹೆಸರಾಂತ ಚಿತ್ರಕಾರ ಫ್ರಾನ್ಸೆಸ್ಕೊ ಪಾವೊಲೊ ಮಿಕೆಟ್ಟಿ 1906ರಲ್ಲಿ ಬರೆದುಕೊಟ್ಟಿದ್ದ ವಿನ್ಯಾಸದ ಪರಂಪರೆಯದು. ಅದಕ್ಕೆ ಅಂಟಿಕೊಂಡೇ, ಕೆಳಗೆ ಬಾಲದ ಹಾಗೆ, ಬಿಟ್ಟರ್ ಕಂಪಾರಿ! ಇನ್ನೊಂದರಲ್ಲಿ ರಾಜನ ಗದ್ದದ ಕೆಳಗೆ ಸಿಂಗರ್ ಹೊಲಿಗೆ ಯಂತ್ರದವರ ಹೆಸರು. ರಾಜನೇ ಕಹಿ ಪಾನೀಯವನ್ನು ಶಿಫಾರಸು ಮಾಡುತ್ತಿರುವಂತೆ ಕಾಣುತ್ತದೆ. ನಮ್ಮಲ್ಲೂ 2002ರಲ್ಲಿ ಮೇಘದೂತ ಕಾರ್ಡು ಬಂತು. ವಿಳಾಸದ ಬದಿಯಲ್ಲಿ ಜಾಹೀರಾತು, ಬೆಲೆ 25 ಪೈಸೆ. ಮಾಮೂಲಿ ಕಾರ್ಡಿಗಿಂತ ಅಗ್ಗ ಎಂದು ಎಷ್ಟೋ ಜನ ಅದನ್ನೇ ಕೇಳಿ ತರುತ್ತಿದ್ದರು. ಆದರೆ ಅಲ್ಲಿ ಜಾಹೀರಾತು ಕಾರ್ಡಿನ ಮೇಲಿತ್ತೇ ಹೊರತು ಚೀಟಿಗೆ ಜೋತುಬಿದ್ದಿರಲಿಲ್ಲ. ಇಟಲಿಯ ಪ್ರಯೋಗ 1925ರ ಹೊತ್ತಿಗೆ ಮುಗಿಯಿತು. ವಿನ್ಯಾಸದ ದೃಷ್ಟಿಯಿಂದ ಹೇಳುವುದಾದರೆ ಅದರಲ್ಲಿ ಎರಡೂ ಸೋತವು. ರಾಜನ ಮುಖಕ್ಕೆ ಇರಬೇಕಾದ ಗತ್ತು ಹೋಯಿತು, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಕಂಪಾರಿಯ ದನಿ ಕೇಳಿಸಲೇ ಇಲ್ಲ. ಇದೇ ಕಂಪಾರಿಗೆ ಕೆಲವೇ ವರ್ಷಗಳಲ್ಲಿ ಫ್ಯೂಚರಿಸ್ಟ್ ಕಲಾವಿದ ಫಾರ್ಚುನಾಟೊ ಡೆಪೆರೊ ಬರೆದ ಕೋನಕೋನದ ಚಿತ್ರಗಳನ್ನು, 1932ರ ಕಂಪಾರಿ ಸೋಡಾದ ಶಂಕುವಿನಂಥ ಬಾಟಲಿಯನ್ನು ಪಕ್ಕದಲ್ಲಿಟ್ಟು ನೋಡಿ. ಜಾಗ ಸಿಕ್ಕಾಗ ಅದೇ ಹೆಸರು ಹೇಗೆ ಕೂಗುತ್ತದೆ ಎಂದು ಗೊತ್ತಾಗುತ್ತದೆ.

ಇನ್ನು ಗೋಡೆಯ ಕಡೆಗೆ ಬರೋಣ. ಇಲ್ಲಿ ನಾನು ಒಬ್ಬರ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಅವರು ಅರ್ಮಾಂಡೊ ಟೆಸ್ಟಾ.

ಟೆಸ್ಟಾ ಹುಟ್ಟಿದ್ದು 1917ರ ಮಾರ್ಚ್ 23ರಂದು, ಟ್ಯೂರಿನ್ ನಗರದಲ್ಲಿ. ಅನುಕೂಲಸ್ಥ ಮನೆತನವಲ್ಲ. ಹದಿನಾಲ್ಕರ ಆಸುಪಾಸಿಗೇ ದುಡಿಮೆಗೆ ಇಳಿದು, ಬೀಗದ ಕೆಲಸ, ತಗಡಿನ ಕೆಲಸ ಎಲ್ಲ ಮಾಡಿ, ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರಾದರು. ವಿಲ್ಯಾರ್ಡಿ ಪರಾವಿಯಾ ಮುದ್ರಣ ಶಾಲೆಯಲ್ಲಿ ಅವರಿಗೆ ಸಿಕ್ಕ ಮೇಷ್ಟ್ರು ಎಜಿಯೊ ಡೆರಿಕೊ. ಅಮೂರ್ತ ಚಿತ್ರಗಳನ್ನು ಬರೆಯುತ್ತಿದ್ದ, ಪತ್ತೇದಾರಿ ಕಾದಂಬರಿಗಳನ್ನೂ ಬರೆಯುತ್ತಿದ್ದ ವಿಚಿತ್ರ ಮನುಷ್ಯ. ಮೊಳೆ ಜೋಡಿಸುವ ಹುಡುಗನಿಗೆ ಹೊಸ ಕಲೆಯ ಬಾಗಿಲು ತೆರೆದವರು ಇವರೇ. 1937ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಟೆಸ್ಟಾ ಒಂದು ಪೋಸ್ಟರ್ ಸ್ಪರ್ಧೆ ಗೆದ್ದರು. ಮಿಲಾನಿನ ಐ.ಸಿ.ಐ. ಎಂಬ ಬಣ್ಣ ಮತ್ತು ಶಾಯಿಯ ಕಂಪನಿಗಾಗಿ ಮಾಡಿದ್ದು. ಶಾಯಿಯ ಕಂಪನಿಗೆ ಮುದ್ರಕನೊಬ್ಬ ಬರೆದ ಚಿತ್ರ! ಅದರಲ್ಲಿ ಡಬ್ಬಿ ಇಲ್ಲ, ಕುಂಚ ಇಲ್ಲ, ನಗುವ ಹೆಂಗಸೂ ಇಲ್ಲ. ಬರೀ ರೇಖಾಗಣಿತದ ಬಣ್ಣದ ಆಕಾರಗಳು.

ಅಚ್ಚುಮನೆಯ ಹಿನ್ನೆಲೆಯನ್ನು ನಾನು ಸುಮ್ಮನೆ ಹೇಳಲಿಲ್ಲ. ಮೊಳೆ ಜೋಡಿಸುವವನಿಗೆ ಖಾಲಿ ಜಾಗವೂ ಒಂದು ವಸ್ತು. ಪದಗಳ ನಡುವೆ ಬಿಡಬೇಕಾದ ಖಾಲಿಯನ್ನು ಅವನು ಸೀಸದ ತುಂಡುಗಳಾಗಿ ಕೈಯಲ್ಲಿ ಹಿಡಿದು ಜೋಡಿಸುತ್ತಾನೆ. ಅದಕ್ಕೂ ತೂಕವಿದೆ, ಅಳತೆಯಿದೆ. ಕುಂಚ ಹಿಡಿದು ಬಂದವರಿಗೆ ಖಾಲಿ ಎಂದರೆ ಇನ್ನೂ ಬರೆಯದ ಜಾಗ. ಟೆಸ್ಟಾ ಅವರ ಒಳ್ಳೆಯ ಪೋಸ್ಟರುಗಳಲ್ಲಿ ಖಾಲಿ ಜಾಗ ಅಷ್ಟು ಧೈರ್ಯವಾಗಿ ನಿಂತಿರುವುದು ಅಚ್ಚುಮೊಳೆಯ ಸಹವಾಸದಿಂದ ಎಂದೇ ನನ್ನ ಅಂದಾಜು.

ಯುದ್ಧದ ನಂತರ, 1946ರಲ್ಲಿ, ಅವರು ಟ್ಯೂರಿನ್‌ನಲ್ಲಿ ಸ್ವಂತ ಸ್ಟುಡಿಯೊ ತೆರೆದರು. ಹತ್ತು ವರ್ಷಕ್ಕೆ ಅದು ಪೂರ್ಣ ಪ್ರಮಾಣದ ಜಾಹೀರಾತು ಸಂಸ್ಥೆಯಾಯಿತು. ಮಾರ್ಟಿನಿ, ಕಾರ್ಪಾನೊ, ಬೊರ್ಸಾಲಿನೊ ಟೋಪಿ, ಪಿರೆಲ್ಲಿ ಟೈರು ಹೀಗೆ ಗಿರಾಕಿಗಳು ಬಂದರು. 1954ರ ಸುಮಾರಿನ ಪಿರೆಲ್ಲಿ ಪೋಸ್ಟರಿನಲ್ಲಿ ಆನೆಯೂ ಟೈರೂ ಬೆಸೆದು ಒಂದೇ ಪ್ರಾಣಿಯಾಗಿವೆ. ಟೈರು ಆನೆಯಷ್ಟು ಗಟ್ಟಿ ಎಂದು ವಾಕ್ಯದಲ್ಲಿ ಹೇಳಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಈಗ ಅವರ ಒಂದು ಪೋಸ್ಟರನ್ನು ಹತ್ತಿರದಿಂದ ನೋಡೋಣ. ಕಾರ್ಪಾನೊ ಕಂಪನಿಯ ಕಹಿ ಮದ್ಯ ಪುಂಟ್ ಎ ಮೆಸ್. ಪಿಯೆಡ್‌ಮಾಂಟ್ ಸೀಮೆಯ ಆಡುಮಾತಿನಲ್ಲಿ ಹಾಗೆಂದರೆ ಒಂದೂವರೆ ಪಾಯಿಂಟು. 1870ರಲ್ಲಿ ಷೇರುಪೇಟೆಯ ಧಾರಣೆ ಒಂದೂವರೆ ಪಾಯಿಂಟು ಏರಿಳಿದ ದಿನ ದಲ್ಲಾಳಿಯೊಬ್ಬ ಅದೇ ಗುಂಗಿನಲ್ಲಿ ಅಂಗಡಿಗೆ ಬಂದು ಪಾನೀಯವನ್ನೂ ಅದೇ ಮಾತಿನಲ್ಲಿ ಕೇಳಿದ ಎಂದು ಕಂಪನಿಯ ಕತೆ. ಕಂಪನಿಯ ಕತೆಗಳನ್ನು ಎಷ್ಟು ನಂಬಬೇಕೋ ಅಷ್ಟು ನಂಬಿ. 1960ರಲ್ಲಿ ಟೆಸ್ಟಾ ಇದಕ್ಕೆ ಬರೆದದ್ದು ಇಷ್ಟೇ: ಮೇಲೊಂದು ಪೂರ್ಣ ಕೆಂಪು ಗೋಳ, ಅದರ ಕೆಳಗೊಂದು ಅರ್ಧ ಕೆಂಪು ಗೋಳ. ಬಾಟಲಿ ಇಲ್ಲ, ಲೋಟ ಇಲ್ಲ, ಕುಡಿಯುವವರಿಲ್ಲ. ಗೋಳಗಳಿಗೆ ನೆರಳುಬೆಳಕು ಕೊಟ್ಟಿದ್ದಾರೆ, ಹಾಗಾಗಿ ಅವು ಚಪ್ಪಟೆ ಬೊಟ್ಟುಗಳಲ್ಲ, ಕೈಗೆ ಸಿಗುವಂತಿವೆ. ಹೆಸರನ್ನೇ ಚಿತ್ರ ಮಾಡಿಬಿಟ್ಟರೆ ಸಾಕು ಎಂಬ ಹಟ ಇದರಲ್ಲಿದೆ. ರಸ್ತೆಯಲ್ಲಿ ಹೋಗುವವನು ಒಂದು ಕ್ಷಣ ಇದೇನಿದು ಎಂದು ನಿಲ್ಲಬೇಕು, ಕೆಳಗಿನ ಹೆಸರು ಓದಬೇಕು, ಓಹೋ ಎನ್ನಬೇಕು. ಆ ಓಹೋ ಬಂದ ಮೇಲೆ ಪೋಸ್ಟರಿನ ಕೆಲಸ ಮುಗಿಯಿತು. ಅದು ಹರಿದರೂ ನಷ್ಟವಿಲ್ಲ. ಇದೇ ಗೋಳ ಮತ್ತು ಅರ್ಧಗೋಳ 2015ರಲ್ಲಿ ಟ್ಯೂರಿನ್‌ನ ಪೋರ್ಟಾ ಸೂಸಾ ರೈಲು ನಿಲ್ದಾಣದ ಹೊರಗೆ ದೊಡ್ಡ ಶಿಲ್ಪವಾಗಿ ಎದ್ದುನಿಂತಿತು. ಮದ್ಯದ ಜಾಹೀರಾತೊಂದು ಊರಿನ ಗುರುತಾದದ್ದನ್ನು ಒಪ್ಪುವವರೂ ಇದ್ದಾರೆ, ಮೂಗು ಮುರಿಯುವವರೂ ಇದ್ದಾರೆ.

ಟೆಲಿವಿಷನ್ನಿನಲ್ಲಿ ಅವರು ಮಾಡಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದೇ ಒಂದು ಉಪನ್ಯಾಸಕ್ಕೆ ಸಾಕಾಗುವ ವಿಷಯ. 1957ರ ಫೆಬ್ರವರಿ 3ರಿಂದ 1977ರ ಜನವರಿ 1ರವರೆಗೆ ಇಟಲಿಯ ಸರ್ಕಾರಿ ದೂರದರ್ಶನದಲ್ಲಿ ಕರೊಸೆಲ್ಲೊ ಎಂಬ ಜಾಹೀರಾತು ಕಾರ್ಯಕ್ರಮ ರಾತ್ರಿ ಬರುತ್ತಿತ್ತು. ಅದು ಮುಗಿದರೆ ಮಕ್ಕಳು ಮಲಗಬೇಕು, ಮನೆಮನೆಯಲ್ಲೂ ಅದೇ ಕಟ್ಟಳೆ. ಜಾಹೀರಾತುದಾರರಿಗೂ ಕಟ್ಟಳೆಯಿತ್ತು. ಎರಡು ನಿಮಿಷ ಚಿಲ್ಲರೆಯ ತುಣುಕಿನಲ್ಲಿ ಸರಕಿನ ಹೆಸರು ಎತ್ತಲು ಅವಕಾಶ ಕೊನೆಯ ಅರ್ಧ ನಿಮಿಷದ ಆಸುಪಾಸು ಮಾತ್ರ, ಅಲ್ಲಿಯವರೆಗೆ ಕತೆ ಹೇಳಬೇಕು. ಟೆಸ್ಟಾ ಆ ಸಮಯಕ್ಕೆ ಶಂಕುಗಳನ್ನೂ ಗೋಳಗಳನ್ನೂ ತಂದರು. ಲವಾಜ಼ಾದ ಪೌಲಿಸ್ಟಾ ಕಾಫಿಗೆ ಕಾಬಾಯೆರೊ ಮತ್ತು ಕಾರ್ಮೆನ್ಸಿತಾ ಎಂಬ ಜೋಡಿ, ಇಬ್ಬರ ಮೈಯೂ ಬರೀ ಶಂಕು. ಫಿಲ್ಕೊ ಫ್ರಿಜ್ಜಿನವರಿಗೆ ಪಪಾಲಾ ಎಂಬ ಗ್ರಹದ ಗುಂಡುಗುಂಡು ಜನ. ಮಕ್ಕಳ ಡೈಪರಿನ ಕಂಪನಿಗೆ ಪಿಪ್ಪೊ ಎಂಬ ನೀಲಿ ನೀರ್ಗುದುರೆ. 1937ರ ಆ ಶಾಯಿ ಪೋಸ್ಟರಿನ ಆಕಾರಗಳಿಗೇ ಕಣ್ಣು, ಬಾಯಿ, ಮಾತು ಬಂದಂತಿತ್ತು. 1965ರಿಂದ 1971ರವರೆಗೆ ಟ್ಯೂರಿನ್ ಪಾಲಿಟೆಕ್ನಿಕ್ಕಿನಲ್ಲಿ ಪಾಠವನ್ನೂ ಹೇಳಿದರು. 1992ರ ಮಾರ್ಚ್ 20ರಂದು ತೀರಿಕೊಂಡರು.

ಆದರೆ ಟೆಸ್ಟಾ ಅವರಿಗೆ ಸರ್ಕಾರವೇ ಗಿರಾಕಿಯಾದಾಗ ಏನಾಯಿತು? 1960ರ ರೋಮ್ ಒಲಿಂಪಿಕ್ಸಿನ ಅಧಿಕೃತ ಪೋಸ್ಟರು ಅವರದೇ. ಅದರಲ್ಲಿ ಪುರಾತನ ರೋಮಿನ ಕಂಬವೊಂದರ ಬೋದಿಗೆ. ಅದರ ಮೇಲೆ ಉಬ್ಬುಚಿತ್ರದಲ್ಲಿ ಜನಸಂದಣಿ, ತನ್ನ ತಲೆಗೆ ತಾನೇ ವಿಜಯದ ಎಲೆಕಿರೀಟ ಇಟ್ಟುಕೊಳ್ಳುತ್ತಿರುವ ಕ್ರೀಡಾಪಟು. ತುದಿಯಲ್ಲಿ ರೊಮುಲಸ್, ರೀಮಸ್ ಎಂಬ ಅವಳಿ ಶಿಶುಗಳಿಗೆ ಹಾಲೂಡುವ ತೋಳ. ಕೆಲಸ ಅಚ್ಚುಕಟ್ಟು, ತಪ್ಪು ಹಿಡಿಯುವಂಥದ್ದೇನೂ ಇಲ್ಲ. ಆದರೂ ಟೆಸ್ಟಾ ಅವರ ಚಿತ್ರಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಇದೊಂದು ಬೇರೆಯವರದ್ದಿರಬೇಕು ಎಂದು ಯಾರಿಗಾದರೂ ಅನುಮಾನ ಬರುತ್ತದೆ. ಅದೇ ವರ್ಷ, ಅದೇ ಕೈ ಎರಡು ಕೆಂಪು ಆಕಾರಗಳಲ್ಲಿ ಕೆಲಸ ಮುಗಿಸಿತ್ತು. ಮದ್ಯದ ಕಂಪನಿಗೆ ಜನರನ್ನು ಬೆರಗುಗೊಳಿಸುವುದು ಬೇಕಿತ್ತು. ರಾಷ್ಟ್ರಕ್ಕೆ ಬೇಕಾದದ್ದು ಗುರುತು: ತೋಳ, ಕಂಬ, ಕಿರೀಟ, ಎಲ್ಲರೂ ಆಗಲೇ ಬಲ್ಲ ಸಾಮಾನುಗಳು. ಪೋಸ್ಟರಿನ ಗಾತ್ರದಲ್ಲಿದ್ದರೂ ಇದು ಒಳಗೊಳಗೆ ಅಂಚೆಚೀಟಿಯೇ ಎಂದು ನನಗನ್ನಿಸುತ್ತದೆ.

ಹಾಗಾದರೆ ನಿಜವಾದ ಅಂಚೆಚೀಟಿಗೆ ಬರೋಣ. 1950ರಲ್ಲಿ ಇಟಲಿ ದಿನಬಳಕೆಯ ಚೀಟಿಗಳ ಹೊಸ ಮಾಲೆಯೊಂದನ್ನು ತಂದಿತು, ಹೆಸರು ದುಡಿಯುವ ಇಟಲಿ. ಬರೆದವರು ಕೊರಾಡೊ ಮೆಜ್ಜಾನಾ. 19 ಮುಖಬೆಲೆಗಳು, ಒಂದೊಂದರಲ್ಲೂ ಒಂದೊಂದು ಪ್ರಾಂತ್ಯದ ಕಸುಬು, ಹಿಂದೆ ಆ ಪ್ರಾಂತ್ಯದ ಕಟ್ಟಡವೋ ಬಯಲೋ. ಭೂತಗನ್ನಡಿ ಹಿಡಿದು ನೋಡಿದರೆ ಸಂತೋಷವಾಗುತ್ತದೆ. ಯುದ್ಧದಿಂದ ಎದ್ದ ದೇಶ ತನ್ನ ಕೈಕೆಲಸದವರನ್ನು ನೆನೆದದ್ದು ದೊಡ್ಡ ಮಾತು. ಆದರೆ ದಿನವೂ ಚೀಟಿ ಮಾರುವ ಗುಮಾಸ್ತನಿಗೆ, ಕಾಗದ ವಿಂಗಡಿಸುವವನಿಗೆ ಭೂತಗನ್ನಡಿ ಇರುವುದಿಲ್ಲ. ಪ್ರತಿ ಚೀಟಿಯೂ ಒಂದು ಸಣ್ಣ ವರ್ಣನೆಯಾದರೆ ಮೂಲೆಯ ಅಂಕಿ ಹುಡುಕುವುದೇ ಕೆಲಸವಾಗುತ್ತದೆ.

ಮೂರು ವರ್ಷವೂ ತುಂಬಿರಲಿಲ್ಲ, 1953ರ ಜೂನ್ 6ರಂದು ಬೇರೆಯದೇ ಚೀಟಿ ಬಂತು. ಒಬ್ಬ ಹೆಂಗಸಿನ ಪಕ್ಕಮುಖ, ತಲೆಯ ಮೇಲೆ ಕೋಟೆಯ ಬುರುಜುಗಳೇ ಕಿರೀಟ. ಇವಳು ಇಟಲಿಯೆಂಬ ತಾಯಿ. ಮುಖದ ಮಾದರಿ ಸಿಸಿಲಿಯ ಸಿರಕ್ಯೂಸ್ ಪಟ್ಟಣದ ಪ್ರಾಚೀನ ಗ್ರೀಕ್ ಬೆಳ್ಳಿ ನಾಣ್ಯದ್ದು, ಹಾಗಾಗಿ ಸಂಗ್ರಾಹಕರ ಬಾಯಲ್ಲಿ ಇದು ಸಿರಾಕುಸಾನಾ. ಬೆಲೆ ಬೇರೆಯಾದರೆ ಬಣ್ಣ ಬೇರೆ, ಮುಖ ಒಂದೇ. ಬರೆದವರು ವಿಟ್ಟೋರಿಯೊ ಗ್ರಾಸಿ, ಆಗ ಅವರಿಗೆ ಎಪ್ಪತ್ತೈದರ ಪ್ರಾಯ.

ಗ್ರಾಸಿ ಪೋಸ್ಟರು ಬರೆದವರು, ಪುಸ್ತಕದ ಅಲಂಕಾರ ಮಾಡಿದವರು. ಆದರೆ ನನ್ನ ಕಣ್ಣಿಗೆ ಮುಖ್ಯವಾದದ್ದು ಅವರ ಗಾಜಿನ ಕೆಲಸ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರೋಮಿನಲ್ಲಿ ಬಣ್ಣದ ಗಾಜಿನ ಕಿಟಕಿಗಳಿಗೆ ಹೊಸ ಜೀವ ಬಂದಿತ್ತು. ಗಾಜಿನ ಕುಶಲಕರ್ಮಿ ಚೆಸಾರೆ ಪಿಕಿಯಾರಿನಿಯ ಕಾರ್ಯಾಗಾರದ ಸುತ್ತ ಡುಯಿಲಿಯೊ ಕಂಬೆಲ್ಲೊಟ್ಟಿ, ಗ್ರಾಸಿ, ಪಾವೊಲೊ ಪಸ್ಕೆಟ್ಟೊ ಮೊದಲಾದವರು ಸೇರಿದ್ದರು. ವಿಲ್ಲಾ ಟೊರ್ಲೋನಿಯಾದ ಆವರಣದಲ್ಲಿ ಗೂಬೆಗಳ ಮನೆ ಎಂದು ಹೆಸರಾದ ಕಟ್ಟಡದಲ್ಲಿ ಅವರ ಕಿಟಕಿಗಳನ್ನು ಇಂದಿಗೂ ನೋಡಬಹುದು. ಗಾಜಿನ ಕೆಲಸದಲ್ಲಿ ಪ್ರತಿ ಬಣ್ಣದ ತುಂಡಿನ ಸುತ್ತ ಸೀಸದ ಪಟ್ಟಿ ಬರಲೇಬೇಕು. ಸಣ್ಣ ಗೆರೆಗಳ ನಾಜೂಕು ಅಲ್ಲಿ ನಡೆಯುವುದಿಲ್ಲ. ಯಾವ ಗೆರೆ ಇರದಿದ್ದರೆ ಚಿತ್ರ ಬಿದ್ದುಹೋಗುತ್ತದೋ ಅದನ್ನಷ್ಟೇ ಇಡಬೇಕು. ಇದಕ್ಕಿಂತ ಒಳ್ಳೆಯ ತರಬೇತಿ ಚೀಟಿ ಬರೆಯುವವನಿಗೆ ಬೇರೆಲ್ಲಿ ಸಿಗುತ್ತದೆ? ಅದೇ ಗುಂಪಿನ ಪಸ್ಕೆಟ್ಟೊ ಕೂಡ ಯುದ್ಧ ಮುಗಿದ 1945ರಲ್ಲಿ ಮುರಿದ ಸರಪಳಿ, ತಕ್ಕಡಿ, ದೀವಟಿಗೆಗಳ ಚಿತ್ರವಿದ್ದ ಪ್ರಜಾಪ್ರಭುತ್ವ ಮಾಲೆಯ ಚೀಟಿಗಳಿಗೆ ಕೈಜೋಡಿಸಿದರು. ಗಣರಾಜ್ಯದ ಲಾಂಛನಕ್ಕಾಗಿ ನಡೆದ ಮೊದಲ ಸ್ಪರ್ಧೆಗೆ 341 ಜನರಿಂದ 637 ಚಿತ್ರಗಳು ಬಂದಿದ್ದವು. ಅದಾದ ಮೇಲೆ ಎರಡನೆಯ ಸುತ್ತೂ ನಡೆದು, 1948ರ ಮೇ 5ರಂದು ಅಧಿಕೃತವಾಗಿ ಜಾರಿಗೆ ಬಂದದ್ದು ಪಸ್ಕೆಟ್ಟೊ ಬರೆದ ನಕ್ಷತ್ರ, ಹಲ್ಲುಚಕ್ರ, ಆಲಿವ್ ಮತ್ತು ಓಕ್ ಕೊಂಬೆಗಳ ಲಾಂಛನ. ಇಟಲಿಯ ಸರ್ಕಾರಿ ಕಾಗದಗಳ ಮೇಲೆ ಈಗಲೂ ಇರುವುದು ಅದೇ.

ಗ್ರಾಸಿ 1958ರಲ್ಲಿ ತೀರಿಕೊಂಡರು. ಅವರ ಹೆಂಗಸು ಉಳಿದಳು. ಲಿರಾದ ಬೆಲೆ ಇಳಿಯುತ್ತ, ಅಂಚೆ ದರ ಏರುತ್ತ ಹೋದ ಹಾಗೆ ಹೊಸ ಹೊಸ ಮುಖಬೆಲೆಗಳು ಸೇರಿದವು, ಗಾತ್ರ ಸ್ವಲ್ಪ ಬದಲಾಯಿತು, ಕಾಗದದ ವಾಟರ್‌ಮಾರ್ಕ್ ರೆಕ್ಕೆಯ ಚಕ್ರದಿಂದ ನಕ್ಷತ್ರಗಳಿಗೆ ಬದಲಾಯಿತು. 1980ರಲ್ಲಿ ಕೋಟೆಗಳ ಮಾಲೆ ಬರುವವರೆಗೂ ಇಟಲಿಯ ಮಾಮೂಲಿ ಕಾಗದಗಳನ್ನು ಹೊತ್ತು ತಿರುಗಿದ್ದು ಇವಳೇ. ಅಷ್ಟೂ ವರ್ಷ ಇಟಲಿಯ ಜನ ಇವಳನ್ನು ನೋಡಿದರೇ? ನೋಡಲಿಲ್ಲ, ಹಚ್ಚಿದರು. ನೋಡದೆಯೂ ನಂಬಿದರು. ಚಿತ್ರ ಕಣ್ಣಿಗೆ ತಡೆಯಾಗಬಾರದು, ನಕಲು ಮಾಡುವವನಿಗೆ ಮಾತ್ರ ತಡೆಯಾಗಬೇಕು. ಠಸ್ಸೆಯ ಕಪ್ಪು ಮೇಲೆ ಬಿದ್ದರೂ ಬೆಲೆ ತಿಳಿಯಬೇಕು. ಸಾವಿರ ಸಲ ಕೈಗೆ ಬಂದರೂ ಬೇಸರ ಹುಟ್ಟಿಸಬಾರದು. ಪುಂಟ್ ಎ ಮೆಸ್ ಪೋಸ್ಟರಿನ ಜಾಣತನ ಎರಡನೆಯ ಸಲಕ್ಕೆ ಅರ್ಧ ಇಳಿಯುತ್ತದೆ, ಅದನ್ನು ಇಪ್ಪತ್ತೇಳು ವರ್ಷ ಲಕೋಟೆಗೆ ಹಚ್ಚಿ ಎಂದರೆ ಯಾರು ಸಹಿಸುತ್ತಾರೆ?

ಇದಕ್ಕೆ ಅಪವಾದವಿಲ್ಲವೆಂದಲ್ಲ. ಸ್ಮರಣಾರ್ಥ ಚೀಟಿಗಳು ಸ್ವಲ್ಪ ಕಾಲ ಮಾತ್ರ ಬಾಳುವುದರಿಂದ ಅಲ್ಲಿ ಪೋಸ್ಟರಿನ ಚಮತ್ಕಾರಕ್ಕೆ ಜಾಗವುಂಟು. 1969ರಲ್ಲಿ ಯುರೋಪಿನ ಅಂಚೆ ಇಲಾಖೆಗಳ ಒಕ್ಕೂಟಕ್ಕೆ ಹತ್ತು ವರ್ಷ ತುಂಬಿದಾಗ ಹಲವು ದೇಶಗಳು ಒಂದೇ ವಿನ್ಯಾಸದ ಚೀಟಿ ಹೊರಡಿಸಿದವು. ಅದನ್ನು ಮಾಡಿದವರು ಲುಯಿಜಿ ಗಸ್ಬಾರಾ ಮತ್ತು ಜಾರ್ಜಿಯೊ ಬೆಲ್ಲಿ ಎಂಬ ಇಬ್ಬರು ಇಟಾಲಿಯನ್ನರು. ಯುರೋಪಾ ಎಂಬ ಹೆಸರಿನ ಅಕ್ಷರಗಳನ್ನೂ ಒಕ್ಕೂಟದ ಹೆಸರಿನ ಅಕ್ಷರಗಳನ್ನೂ ಜೋಡಿಸಿ ಕಂಬಗಳ ದೇಗುಲ ಕಟ್ಟಿದ್ದರು. ಅಕ್ಷರವೇ ಕಟ್ಟಡವಾಗುವ ಈ ಆಟ ಟೆಸ್ಟಾ ಅವರಿಗೂ ಇಷ್ಟವಾಗುತ್ತಿತ್ತೇನೋ.

ಕೊನೆಯದಾಗಿ, ಇಟಲಿಯ ಜನ ನಿಜಕ್ಕೂ ಕಣ್ಣರಳಿಸಿ ನೋಡಿದ ಒಂದು ಚೀಟಿಯ ಬಗ್ಗೆ. 1961ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಜೊವಾನಿ ಗ್ರೋಂಕಿ ದಕ್ಷಿಣ ಅಮೆರಿಕದ ಪ್ರವಾಸಕ್ಕೆ ಹೊರಟರು. ಅವರ ವಿಮಾನದಲ್ಲಿ ಹೋಗುವ ಕಾಗದಗಳಿಗೆಂದು ಮೂರು ಚೀಟಿ. ಅರ್ಜೆಂಟೀನಾಕ್ಕೆ 170 ಲಿರಾ, ಉರುಗ್ವೆಗೆ 185, ಪೆರುವಿಗೆ 205. ಸರ್ಕಾರಿ ಮುದ್ರಣಾಲಯದ ಕಲಾವಿದ ರಾಬರ್ಟೊ ಮುರಾ ಅವುಗಳಲ್ಲಿ ಆಯಾ ದೇಶದ ನಕ್ಷೆ ಬರೆದಿದ್ದರು. ಏಪ್ರಿಲ್ 3ರಂದು ಮಾರಾಟ ಶುರುವಾಯಿತು, ಪೆರುವಿನ ರಾಯಭಾರ ಕಚೇರಿಯಿಂದ ಆಕ್ಷೇಪವೂ ಬಂತು. ಗುಲಾಬಿ ಬಣ್ಣದ ಆ 205 ಲಿರಾ ಚೀಟಿಯಲ್ಲಿ ಪೆರುವಿನ ಗಡಿ ತಪ್ಪಾಗಿತ್ತು. 1941ರಲ್ಲಿ ಈಕ್ವೆಡಾರ್ ಜೊತೆ ಯುದ್ಧವಾಗಿ, 1942ರ ರಿಯೊ ಒಪ್ಪಂದದಲ್ಲಿ ಪೆರುವಿಗೆ ಸೇರಿದ ಅಮೆಜಾನ್ ಕಡೆಯ ನೆಲವೇ ಅದರಲ್ಲಿ ಇರಲಿಲ್ಲ. ಮುರಾ ಅವರ ಮೇಜಿನ ಮೇಲಿದ್ದದ್ದು ಯುದ್ಧಕ್ಕೆ ಮುಂಚಿನ ಅಟ್ಲಾಸ್. ಪೋಸ್ಟರಿನಲ್ಲಿ ಗಡಿ ಅತ್ತಿತ್ತ ಆದರೆ ಯಾರೋ ಒಬ್ಬ ಓದುಗ ಪತ್ರಿಕೆಗೆ ಕಾಗದ ಬರೆದಾನು, ಅಷ್ಟೆ. ಚೀಟಿಯಲ್ಲಿ ಅದೇ ಗೆರೆ ಒಂದು ಸರ್ಕಾರ ಇನ್ನೊಂದು ಸರ್ಕಾರಕ್ಕೆ ಹೇಳಿದ ಮಾತಾಗುತ್ತದೆ.

ಮಾರಾಟ ನಿಲ್ಲಿಸಿದರು. ಗಡಿ ಸರಿಪಡಿಸಿದ ಬೂದು ಬಣ್ಣದ ಚೀಟಿಯನ್ನು ತರಾತುರಿಯಿಂದ ಅಚ್ಚು ಹಾಕಿಸಿದರು. ಅಷ್ಟರಲ್ಲಿ ಗುಲಾಬಿ ಚೀಟಿ ಹಚ್ಚಿ ಅಂಚೆಗೆ ಕೊಟ್ಟಾಗಿದ್ದ ಲಕೋಟೆಗಳನ್ನು ಅಂಚೆಯವರು ಒಂದೊಂದಾಗಿ ತೆಗೆದು, ಗುಲಾಬಿಯ ಮೇಲೆ ಬೂದು ಚೀಟಿ ಅಂಟಿಸಿ ಕಳುಹಿಸಿದರು. ಗ್ರೋಂಕಿ ರೋಸಾ ಎಂದು ಹೆಸರಾದ ಆ ಚೀಟಿಯ ಬೆಲೆ ಸಂಗ್ರಾಹಕರ ಪೇಟೆಯಲ್ಲಿ ಏರಿತು, ನಕಲಿಗಳೂ ಹುಟ್ಟಿಕೊಂಡವು. ಬೂದು ಚೀಟಿಯ ಅಡಿಯಲ್ಲಿ ಗುಲಾಬಿ ಅಡಗಿರುವ ಲಕೋಟೆಗಳನ್ನು ಕೊಳ್ಳುವವರೇ ಬೇರೆ ಒಂದು ಪಂಗಡ. ಮೇಲಿನ ಚೀಟಿಯ ಅಂಚು ಒಂದಿಷ್ಟು ಸರಿದು ಕೆಳಗಿನ ಗುಲಾಬಿ ಇಣುಕಿದರೆ ಅವರಿಗೆ ಖುಷಿ. ಮುರಾ ಬರೆದ ಮಿಕ್ಕ ಎರಡು ಚೀಟಿಗಳ ಗಡಿ ಸರಿಯಾಗಿಯೇ ಇತ್ತು. ಅರ್ಜೆಂಟೀನಾದ್ದು, ಉರುಗ್ವೆಯದ್ದು ಇಂದು ಚಿಲ್ಲರೆ ಕಾಸಿಗೆ ಸಿಗುತ್ತವೆ.